ಜೈಲಿಗೆ ದಿನಸಿ ಕೊಟ್ಟವನ ಹೊಟ್ಟೆಕಿಚ್ಚು

ಅದೊಂದು ಜಿಲ್ಲಾ ಕೇಂದ್ರ, ಅಲ್ಲೊಬ್ಬ ಶ್ರೀಮಂತ. ಹೆಸರು ಕೇಳಬೇಡಿ. ಹೆಸರು ಹೇಳಿದರೆ ‘ಸದ್ಯ, ನಾನಲ್ಲ’ ಎಂದು ಆರಾಮಾಗಿ ಕೂತುಬಿಡುತ್ತೀರಿ. ದಿನಸಿ ಮಂಡಿ ಇತ್ತು, ಮಹಡಿ ಮನೆ ಇತ್ತು, ಕಾರಿತ್ತು. ಏನಿರಲಿಲ್ಲ? ನೆಮ್ಮದಿ ಇರಲಿಲ್ಲ. ಯಾಕಿರಲಿಲ್ಲ? ಅವನಿಗೊಬ್ಬ ಷಡ್ಡಕನಿದ್ದ, ಅದಕ್ಕೆ. ನಗಬೇಡಿ. ಷಡ್ಡಕ ಇರುವವರಿಗೆ ಗೊತ್ತು.

ಅಕ್ಕನನ್ನು ಇವನು ಮದುವೆಯಾಗಿದ್ದ, ತಂಗಿಯನ್ನು ಅವನು. ಷಡ್ಡಕನದು ಊರಿನ ಜೈಲಿಗೆ ರಾಗಿ, ಅಕ್ಕಿ, ಬೇಳೆ, ತರಕಾರಿ ಒದಗಿಸುವ ಸರ್ಕಾರಿ ಗುತ್ತಿಗೆ. ಸಣ್ಣ ವ್ಯಾಪಾರವೇ. ಆದರೆ ಹಬ್ಬದ ದಿನ ಮಾವ ಮನೆಗೆ ಬಂದವರಿಗೆಲ್ಲ, “ನಮ್ಮ ಚಿಕ್ಕಳಿಯಂದಿರು ಗೌರ್ಮೆಂಟ್ ಕಂಟ್ರಾಕ್ಟ್ರು” ಎಂದು ಮೀಸೆ ತಿರುವುತ್ತಿದ್ದರು. ದೊಡ್ಡಳಿಯನ ಮಹಡಿ ಮನೆಯ ಮಾತೇ ಇಲ್ಲ! ಶ್ರೀಮಂತನಿಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಹೊಟ್ಟೆ ಉರಿಯಿತು. ಉರಿಯಿತು ಅಂದರೆ ಸಾಮಾನ್ಯವಾಗಿ ಅಲ್ಲ, ಧಗಧಗ ಉರಿಯಿತು.

ಮುಂದಿನ ಸಲ ಜೈಲಿನವರು ಟೆಂಡರ್ ಕರೆದಾಗ ಇವನೂ ಹಾಕಿದ. ತಾನು ಕೊಳ್ಳುವ ದರಕ್ಕಿಂತ ಕಡಿಮೆ ದರ ಬರೆದು ಹಾಕಿದ! ಮಂಡಿಯ ಗುಮಾಸ್ತ, “ಯಜಮಾನ್ರೇ, ಇದ್ರಲ್ಲಿ ನಮ್ಗೇ ಲುಕ್ಸಾನು” ಎಂದ.

“ಆದ್ರೆ ಆಗ್ಲಿ ಬಿಡಯ್ಯ. ಅವನಿಗೆ ಸಿಗಬಾರ್ದು, ಅಷ್ಟೆ.”

ನೋಡಿ, ದುರಾಸೆಯವನು ನಷ್ಟ ಕಂಡರೆ ನಿಲ್ಲುತ್ತಾನೆ. ಹೊಟ್ಟೆಕಿಚ್ಚಿನವನು ಎಲ್ಲಿ ನಿಲ್ಲುತ್ತಾನೆ? ತನ್ನ ಒಂದು ಕಣ್ಣು ಹೋದರೂ ಸರಿ, ಪಕ್ಕದವನ ಎರಡೂ ಹೋಗಲಿ ಎನ್ನುವ ಜಾತಿ ಅದು.

ಗುತ್ತಿಗೆ ಸಿಕ್ಕಿತು. ಷಡ್ಡಕ ಅಳುವುದನ್ನು ನೋಡಬೇಕೆಂದು ಇವನು ಕಾದ. ಅವನು ಅತ್ತನೇ? ಬಸ್‌ಸ್ಟ್ಯಾಂಡಿನ ಹತ್ತಿರ ಸಣ್ಣದೊಂದು ಇಡ್ಲಿ ಹೋಟೆಲು ತೆರೆದ. ಕೂರಲು ಜಾಗ ಸಿಗದೆ ಜನ ನಿಂತು ತಿನ್ನತೊಡಗಿದರು. ನೆಂಟರ ಮನೆಯ ನಾಮಕರಣದಲ್ಲಿ ಸಿಕ್ಕ ಷಡ್ಡಕ ಇವನ ಕೈಹಿಡಿದು, “ಪುಣ್ಯ ಕಟ್ಕೊಂಡ್ರಿ ಅಣ್ಣ. ಆ ಜೈಲಿನ ಬಿಲ್ಲಿನ ದುಡ್ಡಿಗೆ ಅಲೆದೂ ಅಲೆದೂ ನನಗೆ ಸಾಕಾಗಿತ್ತು” ಎಂದ. ಅಯ್ಯೋ ಶಿವನೇ! ಬೈದಿದ್ದರೂ ಇವನು ತಡೆದುಕೊಳ್ಳುತ್ತಿದ್ದ.

ಅಂದಿನಿಂದ ಇವನಿಗೆ ಊಟ ಸೇರಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿ, ಏನೂ ಇಲ್ಲ ಎಂದರು. ತಂಗಿಯ ಮನೆಗೆ ಕಾಲಿಡಬೇಡ ಎಂದು ಹೆಂಡತಿಗೆ ಕಟ್ಟಪ್ಪಣೆ ಮಾಡಿದ. ಆಕೆ ಅಡುಗೆಮನೆಯಲ್ಲಿ ಅತ್ತಳು. ಇವನ ಉರಿ ಆರಲಿಲ್ಲ. ಕೊನೆಗೊಂದು ಉಪಾಯ ಹೊಳೆಯಿತು. ‘ಹಿಂದಿನ ಗುತ್ತಿಗೆದಾರ ಬೇಳೆಗೆ ಕಲ್ಲು ಬೆರೆಸುತ್ತಿದ್ದ’ ಎಂದು ಜೈಲಿನ ಸಾಹೇಬರ ಕಿವಿಗೆ ಹಾಕಿದರೆ? ಶುದ್ಧ ಸುಳ್ಳು. ಆದರೆ ಖೈದಿಗಳಿಗೆ ಕಲ್ಲು ತಿನ್ನಿಸಿದವನ ಹೋಟೆಲಿಗೆ ಆಮೇಲೆ ಯಾರು ಹೋಗುತ್ತಾರೆ?

ಹೊರಟೇಬಿಟ್ಟ. ಸಾಹೇಬರು ರೌಂಡ್ಸಿಗೆ ಹೋಗಿದ್ದರು. ಜೈಲಿನ ಅಡುಗೆಮನೆಯ ಜಗಲಿಯಲ್ಲಿ ಇವನಿಗೆ ಕುರ್ಚಿ ಹಾಕಿದರು. ಮಧ್ಯಾಹ್ನದ ಊಟದ ಹೊತ್ತು. ಎದುರಿಗೊಬ್ಬ ನರೆಗೂದಲ ಖೈದಿ ಕೂತು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತಿದ್ದ. ಅದೇನು ಸುಖ ಅವನ ಮುಖದಲ್ಲಿ! ನಾನು ಕಳಿಸಿದ ರಾಗಿ, ನನಗೆ ಗುಟುಕು ನೀರೂ ಇಳಿಯುವುದಿಲ್ಲ, ಇವನು ಹೀಗೆ ತಿನ್ನುತ್ತಾನಲ್ಲ ಎಂದು ಶ್ರೀಮಂತನಿಗೆ ಮೈಯೆಲ್ಲ ಉರಿಯಿತು. ಕೇಳಿದಿರಾ? ಜೈಲಿನ ಖೈದಿಯ ಮೇಲೂ ಹೊಟ್ಟೆಕಿಚ್ಚು!

“ಏನಯ್ಯಾ, ಮೃಷ್ಟಾನ್ನ ತಿಂದಂಗೆ ತಿಂತೀಯ. ಅಂಥಾದ್ದೇನಿದೆ ಈ ಮುದ್ದೇಲಿ?”

“ಇದ್ರಲ್ಲೇನಿಲ್ಲ ಬುದ್ಧಿ. ಪಕ್ಕದೋನ ತಟ್ಟೇಲೂ ಇಷ್ಟೇ ಇರೋದು, ಅದಕ್ಕೇ ರುಚಿ” ಎಂದ ಖೈದಿ. “ಇಲ್ಲಿ ಎಲ್ರಿಗೂ ಒಂದೇ ತೂಕ. ಅನುಮಾನ ಬಂದ್ರೆ ತಕ್ಕಡಿ ಅಲ್ಲೇ ಅದೆ, ತೂಗಿಸ್ಕೋಬೋದು.”

“ಏನು ಮಾಡಿ ಬಂದೆ ಒಳಗೆ?”

ಖೈದಿ ತಟ್ಟೆ ಕೆಳಗಿಟ್ಟ. “ನಮ್ಮವ್ವ ಅಣ್ಣನ ತಟ್ಟೆಗೆ ಒಂಚೂರು ತುಪ್ಪ ಜಾಸ್ತಿ ಹಾಕೋಳು. ಚಿಕ್ಕಂದಿನಿಂದ ನಾನು ಅದನ್ನೇ ನೋಡ್ಕೊಂಡು ಬೆಳೆದೆ. ಹೊಲ ಪಾಲಾದಾಗ ಬಾವಿ ಅವನ ಕಡೆಗೇ ಬಂತು. ನನ್ನ ಕೈಲಿ ಮಚ್ಚಿತ್ತು ಬುದ್ಧಿ. ಬಿದ್ದೋನು ಏಳ್ಲಿಲ್ಲ.”

ಶ್ರೀಮಂತ ಕುರ್ಚಿಯನ್ನು ತುಸು ಹಿಂದಕ್ಕೆಳೆದುಕೊಂಡ. “ಬಿಡುಗಡೆ ಯಾವಾಗ?”

“ಬರೋ ತಿಂಗ್ಳು. ಅದೇ ಭಯ. ಈ ಹಾಳು ಕಣ್ಣು ವಾಸಿ ಆಗಿಲ್ಲ ಬುದ್ಧಿ. ಇಲ್ಲಿ ಅದಕ್ಕೆ ನೋಡೋಕೇನೂ ಸಿಗಲ್ಲ, ಅದಕ್ಕೆ ಸುಮ್ಕದೆ. ಹೊರಗೋದ್ರೆ ಅಣ್ಣನ ಮಕ್ಕಳ ತಟ್ಟೆ ಕಾಣ್ತದಲ್ಲ?”

ಅಷ್ಟರಲ್ಲಿ ಸಾಹೇಬರು ಬಂದರು. “ಏನೋ ಹೇಳ್ಬೇಕು ಅಂದ್ರಂತೆ?”

ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ಅವನು ಮಚ್ಚು ಹಿಡಿದಿದ್ದ, ನಾನು ಇದನ್ನು ಹಿಡಿದು ಬಂದಿದ್ದೇನೆ, ನನಗೂ ಅವನಿಗೂ ಏನು ವ್ಯತ್ಯಾಸ ಎಂದುಕೊಂಡು ಶ್ರೀಮಂತ ಅದನ್ನು ನುಂಗಿದ. “ಏನಿಲ್ಲ ಸಾರ್. ನಾಳೆಯಿಂದ ಸೊಪ್ಪು ಬೆಳಿಗ್ಗೆ ಬೇಗ ಕಳಿಸ್ತೀನಿ, ಅದನ್ನೇ ಹೇಳಿ ಹೋಗೋಣಾಂತ ಬಂದೆ” ಎಂದ.

ಆ ಭಾನುವಾರ ಹೆಂಡತಿಯನ್ನು ಕರೆದುಕೊಂಡು ತಾನೇ ಷಡ್ಡಕನ ಮನೆಗೆ ಹೋದ. ಅಕ್ಕತಂಗಿಯರು ಬಾಗಿಲಲ್ಲೇ ಅಪ್ಪಿಕೊಂಡು ಅತ್ತರು. ಎಲೆ ಹಾಕಿ, ನಾದಿನಿ ಬಡಿಸಿದಳು. ಇವನ ಕಣ್ಣು ಮೊದಲು ಎಲ್ಲಿಗೆ ಹೋಯಿತು ಹೇಳಿ? ಷಡ್ಡಕನ ಎಲೆಗೆ! ಅವನಿಗೆ ಎರಡು ಹಪ್ಪಳ, ತನಗೆ ಒಂದೇ. ಹೊಟ್ಟೆ ಚುರ್ ಎಂದಿತು. ಇವನು ತಲೆ ತಗ್ಗಿಸಿ, ತನ್ನ ಎಲೆಯ ಅನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟ. ಎಷ್ಟೋ ತಿಂಗಳ ಮೇಲೆ ಅದು ಗಂಟಲಲ್ಲಿ ಇಳಿಯಿತು.

ಅವನಿಗೆ ಗುಣವಾಯಿತೇ? ಇಲ್ಲ ತಾಯಂದಿರೇ. ಇದು ದಿನಾ ಪಥ್ಯ ಮಾಡಬೇಕಾದ ಕಾಯಿಲೆ. ನಿಮ್ಮ ಓರಗಿತ್ತಿ ಸರ ಮಾಡಿಸಿದಳೇ? ‘ಚೆನ್ನಾಗಿದೆ’ ಎಂದು ಬಾಯಿಬಿಟ್ಟು ಹೇಳಿ, ಗ್ರಾಂ ಎಷ್ಟು ಎಂದು ಕೇಳಬೇಡಿ. ಪಕ್ಕದವನು ಸೈಟು ತೆಗೆದುಕೊಂಡನೇ? ‘ಎಲ್ಲಿಂದ ಬಂತೋ ದುಡ್ಡು’ ಎನ್ನುವ ಮಾತು ಬಾಯಿಗೆ ಬರುತ್ತದೆ, ನುಂಗಿ. ಕಹಿಯಾಗಿರುತ್ತದೆ, ಆದರೂ ನುಂಗಿ. ಮಕ್ಕಳಿಗೆ ಬಡಿಸುವಾಗ ತುಪ್ಪದ ಮೇಲೆ ನಿಗಾ ಇಡಿ, ಎಳೆಯ ಕಣ್ಣು ಎಲ್ಲವನ್ನೂ ಅಳೆಯುತ್ತಿರುತ್ತದೆ. ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಹೇಳಲು ಹೊರಟಾಗ ಬಾಗಿಲಲ್ಲಿ ನಿಂತು ಕೇಳಿಕೊಳ್ಳಿ: ಇದು ನಿಜವೋ, ನನ್ನ ಹೊಟ್ಟೆಯ ಉರಿಯೋ?

ಹೊರಗೆ ಪ್ರಸಾದಕ್ಕೆ ಎಲೆ ಹಾಕಿದ್ದಾರೆ. ಪಾಯಸ ಇದೆಯಂತೆ. ಪಕ್ಕದವರಿಗೆ ಒಂದು ಸೌಟು ಜಾಸ್ತಿ ಬೀಳಬಹುದು, ಗೋಡಂಬಿ ಎಲ್ಲ ಅವರ ಎಲೆಗೇ ಹೋಗಬಹುದು. ಕಣ್ಣು ನಿಮ್ಮ ಎಲೆಯ ಮೇಲಿರಲಿ. ನಾನು ಪಂಕ್ತಿಯ ತುದಿಯಲ್ಲೇ ನಿಂತಿರುತ್ತೇನೆ, ಯಾರ ಕತ್ತು ತಿರುಗುತ್ತದೆ ಎಂದು ನೋಡುತ್ತೇನೆ. ಏಳಿ, ಹೋಗಿ ಊಟ ಮಾಡಿ.