ಗೊಬ್ಬರದ ಗುಂಡಿಗೆ ಬಂದ ರೈಲು

...ಅಲ್ಲ, ಅದಕ್ಕಿಂತ ಮುಂಚೆ ಈ ಕೈಯ ವಿಷಯ ಹೇಳ್ಬೇಕು, ಇಲ್ಲಾಂದ್ರೆ ನಿಮಗೆ ತಲೆಬುಡ ಗೊತ್ತಾಗಲ್ಲ. ಕೂತ್ಕೊಳ್ಳಿ. ಏ ಪುಟ್ಟಿ, ನಗ್ಬೇಡ. ನಿನ್ನ ಚಿಕ್ಕಪ್ಪಂಗೆ ಇನ್ನೂ ಒಂದು ಬಿಳಿ ಕೂದಲು ಬಂದಿಲ್ಲ ನಿಜ, ಆದ್ರೆ ನಾನು ಪಟ್ಟ ಕಷ್ಟ ಇದೆಯಲ್ಲ, ಅದು ಅಜ್ಜಂದಿರ ಲೆವೆಲ್ಲಿಂದು. ಈ ಕಳಸದ ಸುತ್ತಮುತ್ತ ಕಾಫಿ ಹಣ್ಣು ಕುಯ್ಯೋದ್ರಲ್ಲಿ ನನ್ನನ್ನ ಮೀರಿಸೋನು ಇದ್ರೆ ಕರ್ಕೊಂಡು ಬನ್ನಿ, ಈ ಮೀಸೆ ಬೋಳಿಸ್ತೇನೆ. ನಮ್ಮ ಸಣ್ಣ ತೋಟ ಮುಗಿದ ಮೇಲೆ ಪಕ್ಕದ ಎಸ್ಟೇಟಿಗೂ ಕುಯ್ಲಿಗೆ ಹೋಗ್ತಿದ್ದೆ. ಅಲ್ಲಿ ಲೆಕ್ಕ ಬರೆಯೋ ರೈಟರ್ರು ನನ್ನ ಚೀಲ ಸುರಿಸಿ ನೋಡಿ, "ಒಂದು ಹಸಿ ಕಾಯಿ ಇಲ್ವಲ್ಲೋ, ಇದೇನು ಕೈಯೋ ಮೆಷೀನೋ?" ಅಂತಿದ್ರು. ಮೆಷೀನೇ! ಕಣ್ಣು ನೋಡೋಕ್ಕಿಂತ ಮೊದ್ಲು ಕೈ ಹೋಗ್ತಿತ್ತು. ಕೆಂಪು ಕಂಡ್ರೆ ಹಾರ್ತಿತ್ತು, ಹಸಿರು ಕಂಡ್ರೆ ತಾನಾಗೇ ವಾಪಸ್ ಬರ್ತಿತ್ತು. ಕೊನೆಗೆ ನನ್ನ ಮರ್ಯಾದೆ ತೆಗೆಯೋಕೆ ಹೊರಟದ್ದೂ ಇದೇ ಕೈ, ನೋಡಿ.

ರೈಲ್ವೇಲಿ ಸಿಗ್ನಲ್ ಕೆಲಸ ಸಿಕ್ತು. ನಮ್ಮ ಕಡೆಗೆ ರೈಲು ಎಲ್ಲಿದೆ ಹೇಳಿ? ಈ ಗುಡ್ಡ ಹತ್ತೋ ರೈಲು ಇನ್ನೂ ಹುಟ್ಟಿಲ್ಲ. ಕೆಂಪು ದೀಪಕ್ಕೆ ನಿಂತು ಅಭ್ಯಾಸ ಇದ್ಯಾ ಅಂದ್ರೆ ಅದೂ ಇಲ್ಲ, ದನ ಅಡ್ಡ ಬಂದ್ರೆ ನಿಲ್ಲೋದು, ದಾಟಿದ್ರೆ ಹೋಗೋದು, ಅಷ್ಟೇ ನಮ್ಮ ಸಿಗ್ನಲ್ಲು. ಅಂಥ ಊರಿಂದ ನಾನೊಬ್ಬ ರೈಲು ನಿಲ್ಲಿಸೋಕೆ ಹೊರಟೆ ಅಂದ್ರೆ ಸುಮ್ನೆನಾ? ಬಸ್‌ಸ್ಟ್ಯಾಂಡಲ್ಲಿ ನಿಂತು ಎಲ್ಲರಿಗೂ ಕೇಳೋ ಹಾಗೆ ಹೇಳ್ದೆ, "ಇನ್ಮೇಲೆ ನಾನು ಕೈ ಎತ್ತಿದ್ರೆ ಇಡೀ ರೈಲು ನಿಲ್ತದೆ. ಈ ಕಂಡಕ್ಟರಣ್ಣ ಕೈ ಎತ್ತಿದ್ರೆ ಒಂದು ಕೋಳಿನೂ ನಿಲ್ಲಲ್ಲ." ನಮ್ಮಮ್ಮ, ಅಂದ್ರೆ ನಿಮ್ಮಜ್ಜಿ, ಹೊರನಾಡಿಗೆ ಹೋಗಿ ಪೂಜೆ ಮಾಡಿಸ್ಕೊಂಡು ಬಂದವಳು ದಾರಿಯುದ್ದಕ್ಕೂ ಪ್ರಸಾದದ ಜೊತೆ ಈ ಸುದ್ದಿನೂ ಹಂಚಿದ್ಲು. ಬಾಯಿ ನಂಗೆ ಎಲ್ಲಿಂದ ಬಂತು ಅಂತ ಗೊತ್ತಾಯ್ತಲ್ಲ?

ಆಮೇಲೆ ಶೇಖರ ಮಾವ ಬಂದ್ರು. ನಮ್ಮಮ್ಮನ ಅಣ್ಣ, ಸಕಲೇಶಪುರದ ಕಡೆ ರೈಲ್ವೇಲಿ ಬಾವುಟ ಹಿಡ್ದು ಹಿಡ್ದು ರಿಟೈರ್ ಆದವರು. "ಟ್ರೈನಿಂಗಲ್ಲಿ ಪರೀಕ್ಷೆ ಇಡ್ತಾರೆ ಮಾರಾಯ. ಬಾವುಟ ತಪ್ಪಿದ್ರೆ ಮನೆಗೆ ಕಳಿಸ್ತಾರೆ. ಹೊರಡೋ ಮುಂಚೆ ಒಂಚೂರು ತಯಾರಿ ಮಾಡ್ಸೋಣ" ಅಂದ್ರು. "ಕೆಂಪು ನಿಲ್ಲೋಕೆ, ಹಸಿರು ಹೋಗೋಕೆ. ಇದಕ್ಕೂ ತಯಾರಿಯಾ ಮಾವ?" ಅಂದೆ ನಾನು, ಗತ್ತಲ್ಲಿ. ದೇವಸ್ಥಾನದಲ್ಲಿ ಅಮ್ಮಂಗೆ ಕೊಟ್ಟ ರವಿಕೆ ಪೀಸು ಎರಡು ಇತ್ತು, ಒಂದು ಕೆಂಪು, ಒಂದು ಹಸಿರು. ಕಾಫಿ ಕೋಲಿಗೆ ಕಟ್ಟಿ ನನ್ನ ಮುಂದೆ ಇಟ್ರು. ಮಾವನೇ ರೈಲು. ಅಂಗಳದ ಆ ತುದಿಯಿಂದ "ಕೂ..." ಅಂತ ಬರ್ತಾ "ದಾರಿ ಇದೆ" ಅಂತಾರೆ, ಇಲ್ಲಾ "ದಾರಿ ಇಲ್ಲ" ಅಂತಾರೆ, ನಾನು ಸರಿಯಾದ ಬಾವುಟ ಎತ್ಬೇಕು. ನಿಧಾನಕ್ಕೆ ಬಂದಾಗ ಎಲ್ಲ ಸರಿ. ಮಾವ ಓಟ ಜೋರು ಮಾಡಿದ್ರು ನೋಡಿ, ಕೈ ತನ್ನ ಬುದ್ಧಿ ತೋರಿಸ್ತು! ಅದಕ್ಕೆ ಗೊತ್ತಿರೋದು ಒಂದೇ, ಬೇಕು ಅಂದ್ರೆ ಕೆಂಪು, ಬೇಡ ಅಂದ್ರೆ ಹಸಿರು. "ದಾರಿ ಇಲ್ಲ, ದಾರಿ ಇಲ್ಲ" ಅಂತ ಮಾವ ಕೂಗ್ತಾ ಬರ್ತಿದಾರೆ, ನಾನು ಹಸಿರು ಎತ್ಕೊಂಡು ರಾಜನ ಹಾಗೆ ನಿಂತಿದೀನಿ. ಮಾವ ನಿಲ್ಲಲಿಲ್ಲ ಮಾರಾಯ್ರೇ! ಸೀದಾ ಹೋಗಿ ಅಂಗಳದ ಅಂಚಿನ ಗೊಬ್ಬರದ ಗುಂಡಿಗೆ ಇಳಿದ್ರು, ಮೊಣಕಾಲಿನ ತನಕ.

"ಮಾವ, ಗುಂಡಿ ಕಾಣ್ಲಿಲ್ವಾ?"

"ಕಾಣ್ತು. ನೀನು ಹಸಿರು ತೋರಿಸ್ದೆ, ನಾನು ಬಂದೆ. ರೈಲಿಗೆ ಬುದ್ಧಿ ಇಲ್ಲ ಮಾರಾಯ, ಅದರ ಬುದ್ಧಿ ನೀನು."

ನಾನು ನಗ್ಲಿಲ್ಲ, ಆಯ್ತಾ. ಅಮ್ಮ ಮಾತ್ರ ನಕ್ಕೂ ನಕ್ಕೂ ಬಚ್ಚಲಿಂದ ನೀರು ತಂದ್ಲು. ಮತ್ತೆ ಮಾಡ್ದೆ, ಮತ್ತೆ ತಪ್ತು. ಎಷ್ಟು ಬೇಗ ಎತ್ತಿದ್ನೋ ಅಷ್ಟು ಉಲ್ಟಾ. ರಾತ್ರಿ ಅನ್ನ ಸೇರ್ಲಿಲ್ಲ. ಟ್ರೈನಿಂಗಿಂದ ವಾಪಸ್ ಕಳಿಸಿದ್ರೆ ಆ ಕಂಡಕ್ಟರ್ ಮುಖ ಹೇಗೆ ನೋಡೋದು? ಕಳಸದಲ್ಲಿ ಬಸ್ಸು ಹತ್ತೋಕೆ ಬೇರೆ ಸ್ಟ್ಯಾಂಡೂ ಇಲ್ಲ!

ಮಾರನೇ ದಿನ ತೋಟದಲ್ಲಿ ಕುಯ್ಲು. ಮೊದಲ ಸುತ್ತು ಅದು, ಕೆಲವು ಗಿಡ ಹಣ್ಣಾಗಿ ಕೆಂಪಗೆ, ಕೆಲವು ಇನ್ನೂ ಹಸಿರೇ. ನನ್ನ ತಲೆ ಎಲ್ಲೋ, ಕಾಲು ಎಲ್ಲೋ. ಪಕ್ಕದ ಸಾಲಿಂದ ಅಮ್ಮ ಶುರು ಮಾಡಿದ್ಲು, "ಏಯ್, ಆ ಹಸಿರು ಗಿಡದ ಬುಡದಲ್ಲಿ ಏನು ನಿದ್ದೆ ಮಾಡ್ತಿದೀಯಾ? ನಡಿ ಮುಂದೆ!" ನಡ್ದೆ. ಮತ್ತೆ ಅವಳದ್ದೇ ಗಂಟಲು, "ನಿಲ್ಲೋ! ಕೆಂಪು ಗಿಡ ಬಿಟ್ಟು ಎಲ್ಲಿಗೆ ಓಡ್ತೀಯ? ನಿಲ್ಲು ಅಲ್ಲೇ!" ಹುಟ್ಟಿದಾಗಿಂದ ಕೇಳಿದ ಬೈಗುಳ ಅದು. ನಾನು ಅಲ್ಲೇ ನಿಂತೆ. ಹಸಿರಿಗೆ ನಡಿ, ಕೆಂಪಿಗೆ ನಿಲ್ಲು! ಕೈಗೆ ಉಲ್ಟಾ, ಕಾಲಿಗೆ ಸೀದಾ! ರೈಲಿಗೆ ಕೈ ಎಲ್ಲಿದೆ, ಇರೋದೆಲ್ಲ ಕಾಲೇ ಅಲ್ವಾ? ಚೀಲ ಅಲ್ಲೇ ಬಿಟ್ಟು ಮನೆ ಕಡೆ ಓಡ್ದೆ. ಹಿಂದಿಂದ ಅಮ್ಮ, "ಹುಚ್ಚು ಹಿಡೀತಾ ಇವನಿಗೆ!" ಅಂತಿದಾಳೆ.

ಮಾವ ಯಾರದೋ ಮದುವೆಗೆ ಹೊರಟಿದ್ರು. ಬಿಳಿ ಪಂಚೆ, ಇಸ್ತ್ರಿ ಶರ್ಟು. "ಮಾವ, ಇನ್ನೊಂದ್ಸಲ ರೈಲಾಗಿ" ಅಂದೆ. ಪಂಚೆ ನೋಡ್ಕೊಂಡ್ರು, ಗುಂಡಿ ನೋಡಿದ್ರು, ನನ್ನ ಮುಖ ನೋಡಿದ್ರು. "ಇದು ಹೊಸ ಪಂಚೆ ಮಾರಾಯ." "ಗೊತ್ತು ಮಾವ." ಸೀದಾ ಅಂಗಳದ ಆ ತುದಿಗೆ ಹೋದ್ರು. ನಾನೂ ಈ ಸಲ ಬಾವುಟ ಹಿಡ್ಕೊಂಡು ನಿಂತಲ್ಲೇ ಹೆಜ್ಜೆ ಹಾಕೋಕೆ ಶುರು ಮಾಡ್ದೆ. "ಕೂ..." ಅಂತ ಬಂದ್ರು ನೋಡಿ, ಆ ವಯಸ್ಸಲ್ಲಿ ಅಷ್ಟು ಜೋರಾಗಿ ಯಾರೂ ಓಡ್ಬಾರ್ದು. "ದಾರಿ ಇದೆ!" ಹಸಿರು. "ದಾರಿ ಇದೆ!" ಹಸಿರು. ಗುಂಡಿ ಹತ್ರ ಬಂತು, "ದಾರಿ ಇಲ್ಲ!" ನನ್ನ ಕಾಲು ಮೊದ್ಲು ನಿಲ್ತು, ಆಮೇಲೆ ಕೈ ಎತ್ತಿತು. ಕೆಂಪು! ಮಾವನ ಕಾಲು ಗುಂಡಿ ಅಂಚಲ್ಲಿ ಗಕ್ಕಂತ ನಿಲ್ತು. ಪಂಚೆ ಮೇಲೆ ಒಂದು ಚುಕ್ಕೆ ಇಲ್ಲ! ಏದುಸಿರು ಬಿಡ್ತಾ ಅಲ್ಲೇ ನಿಂತು, "ಹೋಗು ಅಳಿಯ, ಹೋಗಿ ಸೇರ್ಕೋ" ಅಂದ್ರು.

ಟ್ರೈನಿಂಗಲ್ಲಿ ಏನಾಯ್ತು ಅಂತ ಕೇಳೋದೇ ಬೇಡ, ಈ ಯೂನಿಫಾರಂ ನೋಡಿದ್ರೆ ಗೊತ್ತಾಗಲ್ವಾ? ಅದಕ್ಕೇ ಹೇಳೋದು ಮಕ್ಳೇ, ಅಮ್ಮ ಬೈಯುವಾಗ ಕಿವಿ ಮುಚ್ಕೋಬೇಡಿ. ಅರ್ಧ ನೌಕರಿ ಅದ್ರಲ್ಲೇ ಇರ್ತದೆ. ಕೇಳಿಸ್ತಾ, ಪುಟ್ಟಿ? ನಿಮ್ಮಮ್ಮ ಒಳಗಿಂದ ಆಗ್ಲಿಂದ ಕೂಗ್ತಿದಾಳೆ. ಎದ್ದೇಳು.