ಮೇಕೆಯ ಗಂಟೆ

...ಆ ಕಡೆ ಬೇಡ ಅಕ್ಕ, ಒದೀತಾಳೆ. ಈ ಕಡೆ ಬಾ. ಆ ಮಣೆ ಎಳ್ಕೊಂಡು ಕೂತ್ಕೋ. ಏನು, ಬಟ್ಟೆ ಗಲೀಜಾಗುತ್ತೆ ಅಂತಾನಾ? ಇದೇ ಕೊಟ್ಟಿಗೇಲಿ ಉರುಳಾಡಿ ಬೆಳೆದೋಳು ನೀನು. ಊರು ಬಿಟ್ಟು ಹೋದ ಮೇಲೆ ಸಗಣಿಗೆ ವಾಸನೆ ಬಂದ್ಬಿಡ್ತಾ?

ಹೂಂ, ಹಾಲು ಕರೆದೆ. ಅಮ್ಮನ್ನ ಮಣ್ಣು ಮಾಡಿ ಬಂದ ಸಂಜೆನೂ ಕರೆದೆ. ಹಸುಗೆ ಹೇಳೋಕಾಗುತ್ತಾ, ಇವತ್ತು ನಮ್ಮನೇಲಿ ಸಾವಾಗಿದೆ, ರಜಾ ಅಂತ? ಕೆಚ್ಚಲು ತುಂಬಿದ್ರೆ ತುಂಬಿತು. ಬಿಟ್ರೆ ಬಾವು ಬರುತ್ತೆ. ಬಂದೋರೆಲ್ಲ ಕೇಳ್ತಾರೆ, ಒಂದ್ಸಲ ಅತ್ತುಬಿಡಪ್ಪ, ಹಗುರಾಗ್ತೀಯ ಅಂತ. ಬರ್ತಿಲ್ಲ, ಏನ್ಮಾಡ್ಲಿ. ಮೂರು ದಿನ ಆಯ್ತು. ಕೈಗೆ ಕೆಲಸ ಗೊತ್ತು, ಅದರ ಪಾಡಿಗೆ ಅದು ಮಾಡ್ಕೊಂಡು ಹೋಗುತ್ತೆ. ಸಗಣಿ ಬಾಚುತ್ತೆ, ಹಿಂಡಿ ಕಲಸುತ್ತೆ, ಕೋಳಿ ಗೂಡಿನ ಬಾಗಿಲು ತೆಗೆಯುತ್ತೆ. ನಾನು ಅದರ ಹಿಂದೆ ಹಿಂದೆ ಹೋಗ್ತೀನಿ.

ಏಯ್, ನೆಟ್ಟಗೆ ನಿಂತ್ಕೋ ಯಜಮಾನಿ. ಯಾಕೆ ನಗ್ತೀಯ ಅಕ್ಕ? ಓ, ಹಸುವಿನ ಹೆಸರಾ... ಹೌದು, ಇವಳು ಯಜಮಾನಿ. ಅಮ್ಮನೇ ಇಟ್ಟಿದ್ದು. ಸರಿಯಾಗೇ ಇಟ್ಟಿದ್ದಾಳೆ ಬಿಡು. ಕರೆಯೋಕೆ ಕೂತ ಮೇಲೆ ನಡುವೆ ಏಳೋ ಹಾಗಿಲ್ಲ. ಎದ್ಯೋ, ಮುಗೀತು, ಹಾಲು ಮೇಲೆಳ್ಕೋತಾಳೆ. ಆಮೇಲೆ ನೀನು ತಲೆಕೆಳಗಾಗಿ ನಿಂತ್ರೂ ಒಂದು ತೊಟ್ಟು ಬಿಡಲ್ಲ. ಏಳು ಗಂಟೆಗೆ ಹಾಲಿನ ಗಾಡಿ ಬರುತ್ತೆ, ಗೇಟ್ ಹತ್ರ ಎರಡು ಸಲ ಹಾರ್ನ್ ಹೊಡೀತಾನೆ, ಮೂರನೇದು ಹೊಡೆಯಲ್ಲ, ಹೊರಟುಬಿಡ್ತಾನೆ. ಹಾಗಾಗಿ ಕೂತ್ರೆ ಕೂತ ಹಾಗೆ.

ಅಯ್ಯೋ, ಹೆದರ್ಕೋಬೇಡ, ನಮ್ಮ ಮೇಡಂ ಅದು. ಕರಿ ಮೇಕೆ. ಸದ್ದಿಲ್ಲದೆ ಬಂದು ಬೆನ್ನ ಹಿಂದೆ ನಿಂತ್ಕೋತಾಳೆ. ಮೊದಲು ಕೊರಳಲ್ಲಿ ಗಂಟೆ ಇತ್ತಲ್ಲ, ಎಲ್ಲಿದ್ದಾಳೆ ಅಂತ ಗೊತ್ತಾಗ್ತಿತ್ತು. ಅಮ್ಮ ಬಿದ್ದು ಮಾತು ಹೋಯ್ತು ನೋಡು, ಆವಾಗ ಬಿಚ್ಚಿ ಅಮ್ಮನ ಮಂಚಕ್ಕೆ ಕಟ್ಟಿದೆ. ಇದ್ದಿದ್ದೇ ಅದೊಂದು ಗಂಟೆ. ಅಲ್ಲಿಂದ ಇವಳನ್ನ ಹಿಡಿಯೋರೇ ಇಲ್ಲ. ಪಕ್ಕದ ಟೈಲರ್ ತೋಟಕ್ಕೆ ನುಗ್ಗಿ ಎರಡು ಸಾಲು ಕೋಸು ಮುಗಿಸಿದ್ದಾಳೆ. ಅವನು ಅರ್ಧ ತಿಂದ ಕೋಸು ಹಿಡ್ಕೊಂಡು ಬಂದ ಮಾರಾಯ್ತಿ, ಸಾಕ್ಷಿಗೆ. ಹಲ್ಲಿನ ಗುರುತು ನೋಡು ಅಂತಾನೆ.

ಅಮ್ಮ ಹೇಗೆ ಬಾರಿಸ್ತಿದ್ಲಾ? ಎಡಗೈ ಸ್ವಲ್ಪ ಆಡ್ತಿತ್ತಲ್ಲ. ದಾರ ಎಳೆಯೋಳು. ಅವಳ ಕೋಣೆ ಈ ಗೋಡೆ ಆಚೆಗೇ, ಇಲ್ಲಿಗೆ ಚೆನ್ನಾಗಿ ಕೇಳುತ್ತೆ. ಒಂದು ಸಲ ಅಂದ್ರೆ ನೀರು. ಎರಡು ಸಲ ಅಂದ್ರೆ ಮಗ್ಗುಲು ತಿರುಗಿಸು. ಮೂರು ಅಂದ್ರೆ... ಏನೂ ಇಲ್ಲ. ಸುಮ್ನೆ ಬಾ, ಹತ್ರ ಕೂತ್ಕೋ ಅಂತ. ಮೂರೇ ಜಾಸ್ತಿ ಬರ್ತಿತ್ತು. ದಿನಕ್ಕೆ ಹತ್ತು, ಹದಿನೈದು. ನಾಲ್ಕು ತಿಂಗಳು. ನೀನು ಭಾನುವಾರ ಫೋನ್ ಮಾಡಿ ಹೇಗಿದ್ದಾಳೆ ಅಂತಿದ್ದೆ, ಚೆನ್ನಾಗಿದ್ದಾಳೆ ಅಂತಿದ್ದೆ ನಾನು. ತಪ್ಪು ತಿಳ್ಕೋಬೇಡ, ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟೂ ಬರ್ತಿಲ್ಲ ಈಗ.

ಹೇಳಿದ್ನಲ್ಲ, ನಿದ್ದೆಯಲ್ಲೇ ಹೋದಳು ಅಂತ. ಬೆಳಿಗ್ಗೆ ಹಾಲು ಬಿಸಿ ಮಾಡ್ಕೊಂಡು ಹೋದೆ, ಆಗಲೇ ತಣ್ಣಗಾಗಿದ್ದಳು. ನರಳಿಲ್ಲ, ಏನಿಲ್ಲ.

ಅದೇನದು ಕೈಯಲ್ಲಿ?

...ಆ ಗಂಟೆ ಎಲ್ಲಿ ಸಿಕ್ತು? ಮಂಚದ ಕೆಳಗಾ. ಗುಡಿಸುವಾಗ. ಹೂಂ, ದಾರ ಕಿತ್ತು ಬಂದಿದೆ. ಹಳೇ ದಾರ ಅಲ್ವಾ, ನಾಲ್ಕು ತಿಂಗಳು ಎಳೆದೂ ಎಳೆದೂ ಸವೆದಿರುತ್ತೆ. ನೋಡಿದ್ರೆ ಹೊಸದರ ಹಾಗಿದೆಯಾ? ಇರಬಹುದು, ನಾನು ಸರಿಯಾಗಿ ನೋಡಿಲ್ಲ.

ಕೇಳಿಸ್ತಾ ಅಂದ್ರೆ... ಆ ಬೆಳಿಗ್ಗೆ ಏನೋ ಸದ್ದು ಬಂತು. ನಾನು ಇಲ್ಲೇ ಕೂತಿದ್ದೆ, ಇವಳ ಹತ್ರ. ಎರಡು ಮೊಲೆ ಆಗಿತ್ತು, ಎರಡು ಬಾಕಿ. ಮೇಕೆ ಗಂಟೆ ಅಂದ್ಕೊಂಡೆ. ಮೇಡಂ ಹಿತ್ತಲಿಗೆ ಬಂದ್ಲು ಅಂತ ಸುಮ್ಮನಾದೆ. ಯಾರಿಗಾದ್ರೂ ಹಾಗೇ ಅನ್ಸುತ್ತೆ, ಅಲ್ವಾ? ಕೊಟ್ಟಿಗೇಲಿ ಗಂಟೆ ಕೇಳಿಸಿದ್ರೆ ಮೇಕೆ ಅಂತಾನೇ...

ಏನು ಹಾಗೆ ನೋಡ್ತೀಯ?

ನನ್ನ ನೋಡು ಅಕ್ಕ, ಮೇಕೆಯನ್ನಲ್ಲ.

ಗೊತ್ತು. ಅದರ ಕೊರಳಲ್ಲಿ ಏನೂ ಇಲ್ಲ. ನಾನೇ ಈಗ ತಾನೇ ಹೇಳಿದೆ, ನನ್ನ ಬಾಯಿಂದಲೇ. ಮೇಕೆ ಗಂಟೆ ಅಂದ್ಕೊಂಡೆ ಅಂತ ಟೈಲರ್‌ಗೂ ಹೇಳಿದ್ದೆ, ಅಮ್ಮನ್ನ ನೋಡೋಕೆ ಬಂದ ಡಾಕ್ಟರಿಗೂ ಹೇಳಿದ್ದೆ, ಅವರು ಯಾರೂ ಮೇಕೆ ಕೊರಳು ನೋಡಲಿಲ್ಲ.

ಬೈದುಬಿಡು ಬೇಕಾದ್ರೆ.

ಅಮ್ಮ ಮೂರು ಸಲ ಬಾರಿಸಿದಳು. ಸುಮ್ನೆ ಬಾ ಅಂತ. ಸುಮ್ನೆ ತಾನೇ, ಹಾರ್ನ್ ಆಗಲಿ, ಹೋದ್ರಾಯ್ತು ಅಂದ್ಕೊಂಡೆ. ಇನ್ನೊಂದ್ಸಲ ಮೂರು. ಆಮೇಲೆ ಎಣಿಸೋಕಾಗಲಿಲ್ಲ, ಒಂದೇ ಸಮ ಹೊಡ್ಕೊಳ್ತಿತ್ತು. ಇವಳು ಕಿವಿ ನಿಮಿರಿಸಿ ಗೋಡೆ ಕಡೆ ತಿರುಗಿದಳು. ಹಸು ತಿರುಗಿತು ಅಕ್ಕ. ನಾನು ಹಣೆಯನ್ನ ಇವಳ ಹೊಟ್ಟೆಗೆ ಒತ್ಕೊಂಡು ಕರೀತಾನೇ ಇದ್ದೆ. ಆಮೇಲೆ ನಿಂತುಹೋಯ್ತು. ನಿಂತಾಗ... ಹಾಯ್ ಅನಿಸ್ತು ನನಗೆ. ಅಬ್ಬ, ಸದ್ಯ ಅಂತ. ನಾಲ್ಕೂ ಮೊಲೆ ಮುಗಿಸಿದೆ, ಸೋಸಿದೆ, ಕ್ಯಾನ್ ಗಾಡಿಗೆ ಹಾಕಿದೆ, ಕೈ ತೊಳ್ಕೊಂಡೆ. ಸೋಪು ಹಾಕಿ ತೊಳ್ಕೊಂಡೆ.

ಮೇಡಂ ಕೊರಳಿಗೆ ಕಟ್ತೀಯಾ ಅದನ್ನ? ಬೇಡ ಅಕ್ಕ. ಇಲ್ಲಿ ಕೊಡು. ಹಾಗೆ ಅಲ್ಲಾಡಿಸಬೇಡ, ಸದ್ದಾಗುತ್ತೆ, ಇವಳು ಹಾಲು ಮೇಲೆ...

ಅಯ್ಯೋ. ಬಕೆಟ್.

ಹೋಗ್ಲಿ ಬಿಡು, ಚೆಲ್ಲಿದ್ದು ಚೆಲ್ಲಿತು. ನೀನು ಬೇಕಂತ ಬಾರಿಸಿಲ್ಲ, ಗೊತ್ತು. ನಾನೇ ಕಾಲು ತಗಲಿಸಿದ್ದು, ಏಳುವಾಗ.

ನೋಡು, ಗಂಟೆ ಕೇಳಿ ಎದ್ದುಬಿಟ್ಟೆ. ಎರಡು ಮೊಲೆ ಬಾಕಿ ಇದೆ, ಎದ್ದು ನಿಂತಿದ್ದೀನಿ.