ಹಿಂದಿನ ಸೀಟಿನಲ್ಲಿ ಅತ್ತೆಯವರಿದ್ದ ಕಾರು

ನಾನು, ವಯಸ್ಸು ಮೂವತ್ತೆಂಟು, ಕನ್ನಡಕದ ಅಂಗಡಿಯಲ್ಲಿ ಗಾಜು ಕತ್ತರಿಸುವ ಕೆಲಸ, ವಾಸ ಬಸ್ ಡಿಪೋ ಹಿಂದಿನ ರಸ್ತೆಯ ಕಟ್ಟಡದ ಎರಡನೇ ಮಹಡಿ, ಠಾಣೆಗೆ ಖುದ್ದಾಗಿ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಅತ್ತೆಯವರಿಗೆ, ಅಂದರೆ ಗಂಡನ ತಾಯಿಗೆ, ಆಸ್ಪತ್ರೆಯಲ್ಲಿ ಡಯಾಲಿಸಿಸ್ ನಡೆಯುತ್ತಿದೆ. ಇಂದು ಬೆಳಿಗ್ಗೆ ಆರೂವರೆಗೆ ಅವರನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಶಾಲು ಹೊದಿಸಿ, ಎಂಜಿನ್ ಚಾಲೂ ಮಾಡಿದೆ. ಚಳಿ ಇತ್ತು. ಎಂಜಿನ್ ಕಾಯುವವರೆಗೆ ಹೀಟರ್‌ನಿಂದ ತಣ್ಣನೆಯ ಗಾಳಿಯೇ ಬರುತ್ತದೆ. ತಾಪಮಾನದ ಮುಳ್ಳು ಇನ್ನೂ ತಳದಲ್ಲೇ ಇತ್ತು. ಅತ್ತೆಯವರು ನಡುಗುತ್ತಿದ್ದುದರಿಂದ ಕೀಲಿ ಅಲ್ಲೇ ಬಿಟ್ಟು ಕಂಬಳಿ ತರಲು ಮೇಲೆ ಹೋದೆ. ಇಳಿದು ಬಂದಾಗ ಕಾರು ಇರಲಿಲ್ಲ.

ನಾನು ಕೂಗಿದ್ದಕ್ಕೆ ಕೆಳಮನೆಯ ಪೇಂಟರ್ ಸ್ಕೂಟರ್ ತೆಗೆದರು. ನಮ್ಮ ಕಾರಿನ ರೇಡಿಯೇಟರ್ ಮೊದಲಿನಿಂದಲೂ ಸೋರುತ್ತಿತ್ತು. ಮುಳ್ಳು ನಡುವೆ ನಿಂತರೆ ಸರಿ, ಅದನ್ನು ದಾಟಿದರೆ ಕೂಡಲೇ ನಿಲ್ಲಿಸಬೇಕು ಎಂದು ಮೆಕ್ಯಾನಿಕ್ ಹೇಳಿದ್ದರು. ಹಾಗಾಗಿ ಕಾರು ಬಹಳ ದೂರ ಹೋಗದು ಎಂಬುದೊಂದೇ ಧೈರ್ಯ. ಕದ್ದವನು ಮುಳ್ಳನ್ನು ನೋಡದೆ ಓಡಿಸಿದರೆ, ತಾವಾಗಿ ಏಳಲಾರದ ಅತ್ತೆಯವರ ಗತಿಯೇನು ಎಂಬುದೇ ಭಯ.

ಮುಂದಿನದು ಅತ್ತೆಯವರು ಹೇಳಿದ್ದು. ಎಂಜಿನ್ ಕಾದ ವಾಸನೆಗೆ, ಮಂಪರಿನಲ್ಲಿದ್ದ ಅವರಿಗೆ ಎಚ್ಚರವಾಯಿತು. ಅವರ ಯಜಮಾನರು ಟ್ಯಾಕ್ಸಿ ಓಡಿಸುತ್ತಿದ್ದವರು.

"ಅಪ್ಪಾ, ಮುಳ್ಳು ಎಲ್ಲಿದೆ ನೋಡು" ಎಂದರಂತೆ.

ಹಿಂದೆ ಜೀವವಿದೆ ಎಂದು ಗೊತ್ತಿಲ್ಲದ ಅವನು ಬೆಚ್ಚಿ, ಕಾರನ್ನು ಅಡ್ಡಾದಿಡ್ಡಿ ತಿರುಗಿಸಿ, "ಯಾವ ಮುಳ್ಳಜ್ಜೀ?" ಎಂದನಂತೆ.

"ಬಲಗಡೇದು. ಕೆಂಪಿಗೆ ಹೋಯ್ತಾ?"

"ಹತ್ರ ಬಂದಿದೆ."

"ಹೀಟರ್ ಪೂರ್ತಿ ಹಾಕು. ಎಂಜಿನ್ ಬಿಸಿ ಸ್ವಲ್ಪ ಇತ್ತ ಬರ್ಲಿ. ಪಕ್ಕಕ್ಕೆ ನಿಲ್ಸು, ಆಮೇಲೆ ಕದ್ಕೊಂಡು ಹೋಗೋದು ಇದ್ದೇ ಇದೆ."

ಅವನು ಸೇತುವೆಯ ಬುಡದಲ್ಲಿ ನಿಲ್ಲಿಸಿದ. ಬಾನೆಟ್ ಎತ್ತಿ, ಬಟ್ಟೆ ಸುತ್ತಿ ರೇಡಿಯೇಟರ್ ಮುಚ್ಚಳ ತಿರುಗಿಸಹೋದ. ಮುಟ್ಟಬೇಡ, ಕುದಿನೀರು ಮುಖಕ್ಕೇ ಹಾರುತ್ತದೆ ಎಂದು ಅತ್ತೆಯವರು ಗದರಿದ್ದಕ್ಕೆ ಕೈ ತೆಗೆದ.

ರಸ್ತೆಯ ಮೇಲೆ ಸೋರಿದ ನೀರಿನ ಜಾಡು ಹಿಡಿದು ನಾವು ತಲುಪಿದಾಗ ಬಾನೆಟ್‌ನಿಂದ ಹಬೆ ಏಳುತ್ತಿತ್ತು. ಮೂವತ್ತರ ಆಸುಪಾಸಿನ ಗಂಡಸೊಬ್ಬ ಹಿಂಬಾಗಿಲು ತೆರೆದು, ತನ್ನ ಜಾಕೆಟನ್ನು ಅತ್ತೆಯವರ ಕಾಲಿಗೆ ಸುತ್ತುತ್ತಿದ್ದ. ನಮ್ಮನ್ನು ಕಂಡು ಎದ್ದ. ಅತ್ತೆಯವರು "ಹೋಗು" ಎಂದರು. ಅವನು ಸೇತುವೆ ಪಕ್ಕದ ಮೆಟ್ಟಿಲಿಳಿದು ಹೋದ. ಪೇಂಟರ್ ಬೆನ್ನಟ್ಟಿದರೂ ಸಿಗಲಿಲ್ಲ.

ಆಂಬುಲೆನ್ಸ್‌ನಲ್ಲಿ ಕರೆದೊಯ್ದು ತಡವಾಗಿಯಾದರೂ ಡಯಾಲಿಸಿಸ್ ಶುರು ಮಾಡಿದರು. ಈಗ ಆರಾಮವಾಗಿದ್ದಾರೆ. ನಾನು ಠಾಣೆಗೆ ಹೊರಟಾಗ, ಕಾರು ನಿಂತ ಮೇಲೆ ಅವನು ಓಡಿಹೋಗಬಹುದಿತ್ತು, ಓಡಲಿಲ್ಲ, ಅದನ್ನೂ ಬರೆಸು ಎಂದರು. ಮುಖ ಮಾತ್ರ ನೋಡಲಿಲ್ಲವಂತೆ, ಕಣ್ಣು ಮಂಜಂತೆ. ಅವರ ಕನ್ನಡಕ ನಾನೇ ಮಾಡಿಕೊಟ್ಟದ್ದು, ಸರಿಯಾಗಿದೆ.

ನಾನು ಮುಖ ನೋಡಿದ್ದೇನೆ. ಗುರುತಿಸಬಲ್ಲೆಯಾ ಎಂದು ತಾವು ಎರಡು ಸಲ ಕೇಳಿದಿರಿ. ಇವತ್ತು ಹೇಳಲಾರೆ.

ಇಷ್ಟು ನಾನು ಕಂಡದ್ದು, ಕೇಳಿದ್ದು. ಓದಿಸಿ ಕೇಳಿಕೊಂಡೆ, ನಿಜವಿದೆ.

ಸ್ಥಳ: ಠಾಣೆಯ ಮುಂಗೋಣೆ
ದಿನಾಂಕ: ಘಟನೆಯ ದಿನವೇ, ಮಧ್ಯಾಹ್ನ
ಸಹಿ: (ಇದೆ)